ಕೈಗುಣ

“ಇನ್ನು ಇದನ್ನ ಯಾರು ತಿಂತಾರೆ?”

ಅಕ್ಕ ಕೇಳಿದ್ದು ಯಾರನ್ನೂ ಅಲ್ಲ. ಅಮ್ಮನ ಮಂಚದ ತಲೆದೆಸೆಯ ಗೂಡಿನೆದುರು ನಿಂತು, ಕೈಯಲ್ಲಿದ್ದ ತಗಡಿನ ಡಬ್ಬಿಯನ್ನು ನೋಡುತ್ತ, ಗೋಡೆಗೆ ಹೇಳಿದ ಹಾಗೆ ಹೇಳಿದಳು. ನೆಲದ ಮೇಲೆ ಕೂತು ಅಮ್ಮನ ಬಟ್ಟೆಗಳನ್ನು ಮಡಚುತ್ತಿದ್ದ ತಂಗಿಗೆ ಅದು ಕೇಳಿಸಿತು. ಆದರೆ ಅಂಥ ಪ್ರಶ್ನೆಗಳಿಗೆ ಉತ್ತರ ಕೊಡದೆ ಇರುವುದು ಅಮ್ಮ ಹೋದಾಗಿನಿಂದ ಇಬ್ಬರಿಗೂ ಅಭ್ಯಾಸವಾಗಿತ್ತು. ಅಮ್ಮನ ಕನ್ನಡಕ ಏನು ಮಾಡೋದು, ಅಮ್ಮನ ಊರುಗೋಲು ಎಲ್ಲಿಡೋದು. ಮನೆಯ ತುಂಬ ಇಂಥವೇ ಮಾತುಗಳು, ಕೂರಲು ಜಾಗ ಸಿಗದ ನೆಂಟರ ಹಾಗೆ ಓಡಾಡುತ್ತಿದ್ದವು.

ಡಬ್ಬಿಯಲ್ಲಿದ್ದದ್ದು ಅಪ್ಪನ ಪುಡಿ.

ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು, ವೈದ್ಯರಲ್ಲ. ಆದರೂ ತಮ್ಮ ತಾಯಿಯಿಂದ ಕಲಿತದ್ದೆಂದು ಒಂದೆರಡು ಬೇರು, ಒಂದು ತೊಗಟೆ ತಂದು ಒಣಗಿಸಿ, ಕುಟ್ಟಾಣಿಯಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಅಮ್ಮನ ಮಂಡಿನೋವಿಗೆ ಕೊಡುತ್ತಿದ್ದರು. ಕುಟ್ಟುವಾಗ ಪದ್ಯ ಹೇಳುತ್ತಿದ್ದರು. ರಟ್ಟಿಗೆಂದು ಬಂದ ಹಳೆಯ ಪುಸ್ತಕಗಳನ್ನು ಹೊಲಿಯುವ ಮೊದಲು ಒಮ್ಮೆ ಓದಿಬಿಡುವ ಚಟ ಅವರಿಗೆ. ಓದಿದ್ದು ನಾಲಿಗೆಯ ಮೇಲೆ ಉಳಿದುಬಿಡುತ್ತಿತ್ತು. ಸಾಲು ಎಲ್ಲಿ ಉಸಿರು ತೆಗೆದುಕೊಳ್ಳುವುದೋ ಅಲ್ಲಿ ಕುಟ್ಟಾಣಿಯ ಪೆಟ್ಟು ಬೀಳುತ್ತಿತ್ತು. ಮಲಗುವ ಮೊದಲು ಒಂದು ಚಮಚ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕುಡಿಸಿ, ಅಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಅದೇ ಪದ್ಯದ ಲಯಕ್ಕೆ ಮಂಡಿ ಒತ್ತುತ್ತಿದ್ದರು. ಪದ್ಯ ಮುಗಿಯುವಷ್ಟರಲ್ಲಿ ಅಮ್ಮನಿಗೆ ಜೊಂಪು.

“ಪುಡಿ ಅಲ್ಲ, ನಿಮ್ಮ ಕೈಗುಣ,” ಎನ್ನುತ್ತಿದ್ದಳು ಅಮ್ಮ.

“ಅಷ್ಟು ಕೈಗುಣ ಇದ್ದಿದ್ರೆ ಪುಸ್ತಕ ಯಾಕೆ ಕಟ್ತಿದ್ದೆ, ಅರಮನೆ ಕಟ್ತಿರ್ಲಿಲ್ವಾ?” ಎನ್ನುತ್ತಿದ್ದರು ಅಪ್ಪ.

ಅಪ್ಪ ತೀರಿಕೊಂಡ ಮೇಲೆ ಕುಟ್ಟಾಣಿ ಅಕ್ಕನ ಪಾಲಿಗೆ ಬಂತು. ಮದುವೆಯ ಗೊಡವೆಗೆ ಹೋಗದೆ ಅಮ್ಮನ ಜೊತೆಗೇ ಉಳಿದವಳು ಅವಳು. ಕೆಲಸ ಮುಖ್ಯರಸ್ತೆಯ ಔಷಧದ ಅಂಗಡಿಯಲ್ಲಿ. ನೋವಿನ ಮಾತ್ರೆ ಅವಳ ಕೈಗೆಟಕುವ ಖಾನೆಯಲ್ಲೇ ಇರುತ್ತಿತ್ತು. ಆದರೆ ಅಮ್ಮ ಮಾತ್ರೆ ಮುಟ್ಟುತ್ತಿರಲಿಲ್ಲ. “ಈಗ ನಾನು ಮಾತ್ರೆ ನುಂಗಿದ್ರೆ, ಅವರು ಇಷ್ಟು ವರ್ಷ ಕೊಟ್ಟಿದ್ದು ಸುಳ್ಳು ಅಂತ ಆಗಲ್ವಾ?” ಎಂದು ಕೇಳುತ್ತಿದ್ದಳು.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಎದುರುಮನೆಯ ಹೊಲಿಗೆಯಮ್ಮ. ಅಮ್ಮನ ಜೊತೆಗಾತಿ, ಹೊಲಿಗೆಯ ಯಂತ್ರ ತುಳಿದೂ ತುಳಿದೂ ಅವಳ ಮಂಡಿಯೂ ಸವೆದಿತ್ತು.

“ಕೆಲಸದಲ್ಲಿದ್ದೀರೇನೋ, ತೊಂದರೆ ಕೊಟ್ಟೆ,” ಎನ್ನುತ್ತಲೇ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. “ನಾಚಿಕೆ ಬಿಟ್ಟು ಕೇಳ್ತೀನಿ. ಆ ಪುಡಿ ಒಂದಿಷ್ಟು ಉಳಿದಿದ್ರೆ ಕೊಡ್ರಮ್ಮ. ನಿಮ್ಮಮ್ಮ ಕೊಟ್ಟಿದ್ದು ತಳ ಕಂಡಿತು. ಮಂಡಿ ಅನ್ನೋದು ಕೈಕೂಸಿನ ಹಾಗೆ ಅಳ್ತಾ ಇದೆ.”

ಅಕ್ಕ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದಳು. “ಇಲ್ಲ. ಮುಗಿದುಹೋಯ್ತು.”

ಡಬ್ಬಿ ತುಂಬಿದ್ದನ್ನು ತಂಗಿ ಈಗಷ್ಟೇ ನೋಡಿದ್ದಳು. ಅಕ್ಕ ಸುಳ್ಳು ಹೇಳುವವಳಲ್ಲ, ಹೇಳಲು ಬರುವವಳೂ ಅಲ್ಲ. ಅಮ್ಮನ ಗುರುತೆಂದು ಇಟ್ಟುಕೊಳ್ಳುವ ಆಸೆಯಿರಬೇಕು ಎಂದುಕೊಂಡು ತಂಗಿ ಮಾತು ತಿರುಗಿಸಿದಳು.

“ಅಮ್ಮ ನಿಮಗೂ ಕೊಡ್ತಿದ್ರಾ?”

“ಕೊಡ್ತಿದ್ರಾ ಅಂದ್ರೆ! ಬೇಡ ಅಂದ್ರೂ ಬಾಯಿಗೆ ತುರುಕ್ತಿದ್ರು. ತಾವೂ ಅಷ್ಟೇ. ಕೂತಾಗ ಒಂಚೂರು, ಎದ್ದಾಗ ಒಂಚೂರು, ಮೆಟ್ಟಿಲು ಹತ್ತೋ ಮೊದಲು ಇನ್ನೊಂಚೂರು. ಮಕ್ಕಳು ಪೆಪ್ಪರಮೆಂಟು ಚೀಪಿದ ಹಾಗೆ. ‘ಸಾಕು ಬಿಡಿ’ ಅಂದ್ರೆ, ‘ಬೇರು ತೊಗಟೆ ಏನು ಮಾಡ್ತವೆ, ನನ್ನ ಗಂಡ ಕೈಹಿಡಿದು ನಡೆಸ್ತಾ ಇದ್ದಾರೆ, ನಿನಗೇನು ಹೊಟ್ಟೆಕಿಚ್ಚು’ ಅಂತ ನಗ್ತಿದ್ರು.”

“ರಾತ್ರಿ ಒಂದು ಚಮಚ,” ಎಂದಳು ಅಕ್ಕ. ಅವಳ ದನಿ ಎಲ್ಲಿಂದಲೋ ಬಂದ ಹಾಗಿತ್ತು. “ರಾತ್ರಿ ಒಂದೇ ಒಂದು ಚಮಚ ಅಂತ ಹೇಳಿದ್ದೆ.”

“ನೀವು ಅಂಗಡಿಗೆ ಹೋದ ಮೇಲೆ ನೋಡೋಕೆ ಯಾರಿದ್ರು? ಡಬ್ಬಿ ಬೇಗ ಬೇಗ ಖಾಲಿ ಆಗ್ತಿರಲಿಲ್ವಾ?”

“ಕೈ ನಡುಗುತ್ತಲ್ಲ, ಚೆಲ್ಲಿಕೊಳ್ತಾಳೆ ಅಂದ್ಕೊಂಡಿದ್ದೆ.”

ಅಕ್ಕ ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಹೊಲಿಗೆಯಮ್ಮ ಎದ್ದು ಬಂದು ಅವಳ ತಲೆ ಸವರಿದಳು. “ಅಳಬೇಡಮ್ಮ. ನೋವಿಲ್ಲದೆ ಇದ್ರಲ್ಲ, ಅಷ್ಟೇ ಸಾಕು. ಎಲ್ಲರಿಗೂ ಸಿಗ್ತದಾ ಅಂಥ ಮಗಳು?” ಅಕ್ಕ ಅಳುತ್ತಿರಲಿಲ್ಲ. ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಭದ್ರ ಮಾಡುತ್ತಿದ್ದಳು, ಅದು ಆಗಲೇ ಭದ್ರವಾಗಿದ್ದರೂ.

ಹೊಲಿಗೆಯಮ್ಮ ಹೋದ ಮೇಲೆ ತಂಗಿ ಕೈಚಾಚಿದಳು. “ಅಕ್ಕ, ಅದರಲ್ಲಿ ಸ್ವಲ್ಪ ನನಗೆ ಕೊಡು. ಲ್ಯಾಬಿಗೆ ಒಯ್ತೀನಿ.”

“ಯಾಕೆ?”

“ಅಪ್ಪನ ಪುಡಿಯಲ್ಲಿ ಏನಿದೆ ನೋಡಬೇಕು. ಎಷ್ಟು ದಿನದಿಂದ ಅಂದ್ಕೊಳ್ತಾ ಇದ್ದೀನಿ.”

“ಏನಿರುತ್ತೆ? ಬೇರು, ತೊಗಟೆ.”

“ಆ ಬೇರಿನಲ್ಲಿ ಯಾವುದು ಅಮ್ಮನ ನೋವು ನಿಲ್ಲಿಸ್ತಿತ್ತು ಅಂತ. ಅಪ್ಪನ ಕೈಗುಣಕ್ಕೆ ಒಂದು ಹೆಸರು ಸಿಗಲಿ ಅಂತ.”

“ಬೇಡ, ಬಿಡು. ಹೋದವರದ್ದನ್ನ ಕೆದಕಬಾರದು.”

“ಕೆದಕೋದಲ್ಲ ಅಕ್ಕ. ಅವರು ಕೊಟ್ಟಿದ್ದು ಸುಳ್ಳಲ್ಲ ಅಂತ ನನಗೆ ಒಂದು ಸಲ ಕಣ್ಣಾರೆ ನೋಡಬೇಕು.”

ಡಬ್ಬಿಯನ್ನು ಹಿಡಿದಿದ್ದ ಬೆರಳುಗಳು ಸಡಿಲವಾದವು. ಅಕ್ಕ ಕೊಟ್ಟಳೋ, ಕೈಬಿಟ್ಟಳೋ ತಿಳಿಯಲಿಲ್ಲ.

ತಂಗಿ ಕೆಲಸ ಮಾಡುತ್ತಿದ್ದದ್ದು ಔಷಧಗಳಲ್ಲಿ ಕಲಬೆರಕೆಯಿದೆಯೇ ಎಂದು ನೋಡುವ ಪ್ರಯೋಗಾಲಯದಲ್ಲಿ. ಅದರ ಮುಖ್ಯಸ್ಥರನ್ನು ಎಲ್ಲರೂ ಹಿಂದಿನಿಂದ ‘ಚೆಲ್ಬೇಡಿ ಸಾರ್’ ಎನ್ನುತ್ತಿದ್ದರು. ಹೊಸದಾಗಿ ಸೇರಿದವರಿಗೆ ಅವರ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: ಬೇರೆ ಮಾಡಿದ ಯಾವ ಪದರವನ್ನೂ ಕೆಲಸ ಮುಗಿಯುವ ತನಕ ಚೆಲ್ಲಬೇಡಿ. “ನಮಗೆ ಬೇಕಾದ್ದು ಮೇಲಿದೆ ಅಂತ ಕೆಳಗಿಂದು ಚೆಲ್ತೀರಿ. ಆಮೇಲೆ ನೋಡಿದ್ರೆ ಬೇಕಾದ್ದು ಮೋರಿಯಲ್ಲಿರ್ತದೆ. ಮೋರಿಗೆ ಹೋಗಿ ಕೇಳ್ತೀರಾ?” ಚಹಾದ ಲೋಟದ ತಳದಲ್ಲಿ ಉಳಿದ ಗಸಿಯನ್ನೂ ಅವರು ಚೆಲ್ಲದೆ ಸಂಜೆಯ ತನಕ ಇಟ್ಟಿರುತ್ತಾರೆ ಎಂಬುದು ಹುಡುಗಿಯರ ತಮಾಷೆ.

ಪ್ರಯೋಗಾಲಯದಲ್ಲಿ ದೊಡ್ಡ ಯಂತ್ರಗಳಿದ್ದವು. ತಂಗಿ ಅವುಗಳ ಹತ್ತಿರ ಹೋಗಲಿಲ್ಲ. ಅಪ್ಪ ಕೈಯಿಂದ ಮಾಡಿದ್ದನ್ನು ತಾನೂ ಕೈಯಿಂದಲೇ ಬಿಡಿಸಬೇಕೆನಿಸಿತು. ರಜೆಯ ದಿನ ಅನುಮತಿ ಕೇಳಿ ಬಂದಳು. ಸಾರ್ ಕೂಡ ಎಂದಿನಂತೆ ಬಂದಿದ್ದರು. ಅವರಿಗೆ ರಜೆ ಎಂದರೆ ಹೊರಗಿನವರಿಗೆ ಸಂಬಂಧಪಟ್ಟ ವಿಷಯ.

ಅವಳು ಪುಡಿಯನ್ನು ಈಥರೆಂಬ, ಬೇಗ ಆವಿಯಾಗುವ ದ್ರವದಲ್ಲಿ ನೆನೆಹಾಕಿ, ಕಾಗದದಲ್ಲಿ ಸೋಸಿದಳು. ಹಸಿರು ಬೆರೆತ ಕಂದು ದ್ರವ ಇಳಿಯಿತು. ಅದನ್ನು ಬೇರ್ಪಡಿಸುವ ಆಲಿಕೆಗೆ ಸುರಿದಳು. ಅದು ಪೇರುಹಣ್ಣಿನ ಆಕಾರದ ಗಾಜಿನ ಪಾತ್ರೆ. ಮೇಲೆ ಬಿರಡೆ, ಕೆಳಗೆ ಸಣ್ಣ ನಲ್ಲಿ. ಅದರೊಳಗೆ ಈಥರೂ ನೀರೂ ಮಾತು ಬಿಟ್ಟ ಓರಗಿತ್ತಿಯರ ಹಾಗೆ: ಒಂದೇ ಮನೆಯಲ್ಲಿದ್ದರೂ ಒಬ್ಬಳು ಮೇಲೆ, ಒಬ್ಬಳು ಕೆಳಗೆ. ಬೇರಿನ ಸತ್ವಗಳೆಲ್ಲ ಸಾಮಾನ್ಯವಾಗಿ ಈಥರಿನ ಕಡೆಯವು. ಆದರೆ ನೀರಿಗೆ ಒಂದಿಷ್ಟು ಆಮ್ಲ ಬೆರೆಸಿ ಕುಲುಕಿದರೆ, ಕ್ಷಾರದ ಸ್ವಭಾವದವು ಆಮ್ಲದ ಕೈಹಿಡಿದು ಲವಣವಾಗಿ ನೀರಿಗೆ ಇಳಿದು ಬರುತ್ತವೆ. ಆ ನೀರನ್ನು ನಲ್ಲಿಯಿಂದ ಬೇರೆ ತೆಗೆದಿಟ್ಟು, ಸೋಡ ಬೆರೆಸಿದ ನೀರು ಹಾಕಿ ಕುಲುಕಿದರೆ, ಈ ಸಲ ಆಮ್ಲದ ಸ್ವಭಾವದವು ಇಳಿಯುತ್ತವೆ. ಯಾರು ಕರೆದರೂ ಓಗೊಡದವು ಈಥರಿನಲ್ಲೇ ಉಳಿಯುತ್ತವೆ; ಅವು ತಟಸ್ಥ. ಇಳಿದು ಬಂದದ್ದನ್ನು ಮತ್ತೆ ಕಾಣಬೇಕಾದರೆ, ಕರೆದದ್ದಕ್ಕೆ ವಿರುದ್ಧವಾದದ್ದನ್ನು ಹನಿಹನಿಯಾಗಿ ಬಿಡಬೇಕು. ಹಿಡಿದ ಕೈ ತಪ್ಪುತ್ತದೆ. ನೀರಿನಲ್ಲಿ ನಿಲ್ಲಲಾರದೆ ಅದು ಬೆಳ್ಳಗೆ ಹೊರಗೆ ಬರುತ್ತದೆ.

ಅವಳು ಬಿರಡೆಯ ಮೇಲೆ ಅಂಗೈಯಿಟ್ಟು ಆಲಿಕೆಯನ್ನು ತಲೆಕೆಳಗು ಮಾಡಿ, ನಲ್ಲಿ ತಿರುಗಿಸಿ, ಒಳಗಿನ ಆವಿಯನ್ನು ‘ಉಸ್ಸ್’ ಎಂದು ಬಿಟ್ಟಳು. ಮತ್ತೆ ಕುಲುಕಿದಳು. ಮತ್ತೆ ಉಸಿರು ಬಿಡಿಸಿದಳು. ತನ್ನ ಕೈ ಒಂದು ಲಯಕ್ಕೆ ಬಿದ್ದದ್ದು ಅವಳಿಗೇ ಆಮೇಲೆ ಗೊತ್ತಾಯಿತು. ಅಪ್ಪನ ಪದ್ಯದ ಲಯ. ಮಾತುಗಳು ನೆನಪಿಗೆ ಬರಲಿಲ್ಲ, ಎಲ್ಲಿ ನಿಲ್ಲಬೇಕೆಂಬುದು ಮಾತ್ರ ನೆನಪಿತ್ತು.

ಸ್ಟ್ಯಾಂಡಿನ ಬಳೆಯ ಮೇಲೆ ಇಟ್ಟಾಗ ಪದರಗಳು ಬೇಗ ಬಿಡಲಿಲ್ಲ. ಬೇರಿನ ಅಂಟು ನಡುವೆ ಬೆಣ್ಣೆಯಂಥ ನೊರೆ ಕಟ್ಟಿತ್ತು. ಒಂದು ಚಿಟಿಕೆ ಉಪ್ಪು ಹಾಕಿ ಕಾದಳು. ಕಾಯುವುದು ಅವಳಿಗೆ ಕಷ್ಟವಲ್ಲ. ನೊರೆಯ ಗುಳ್ಳೆಗಳು ಒಂದೊಂದಾಗಿ ಒಡೆಯುವುದನ್ನು, ಪದ್ಯ ಕೇಳಲು ಕೂತವಳ ಹಾಗೆ, ಕೂತು ನೋಡಿದಳು.

ಕ್ಷಾರದ ಪಾಲಿನಲ್ಲಿ ಹೆಚ್ಚೇನೂ ಸಿಗಲಿಲ್ಲ, ಮಂಜಿನಷ್ಟು ಮಬ್ಬು. ಅವಳು ಅದನ್ನು ಚೆಲ್ಲದೆ ಪಕ್ಕಕ್ಕಿಟ್ಟಳು. ಆಮೇಲೆ ಸೋಡದ ನೀರಿನಲ್ಲಿ ಇಳಿದು ಬಂದದ್ದಕ್ಕೆ ಆಮ್ಲ ಬಿಡತೊಡಗಿದಳು. ಮೊದಲು ಬುರುಬುರು ನೊರೆ. ನೊರೆ ಅಡಗುತ್ತಿದ್ದಂತೆ ಹನಿ ಬಿದ್ದಲ್ಲಿ ಒಂದು ಬಿಳಿಯ ಎಳೆ ಕಾಣಿಸಿ ಕರಗಿತು. ಮತ್ತೊಂದು ಹನಿ. ಮತ್ತೊಂದು. ಥಟ್ಟನೆ ಬೀಕರಿನ ತುಂಬ ಹಾಲು ಒಡೆದ ಹಾಗೆ ಬೆಳ್ಳಗೆ, ದಟ್ಟವಾಗಿ, ಗರಿಗರಿಯಾಗಿ ಬಂತು.

ತಂಗಿ ಎದ್ದು ನಿಂತಳು. ಇದೇ. ಇಷ್ಟು ವರ್ಷ ಅಮ್ಮನ ಕಾಲನ್ನು ನಡೆಸಿದ್ದು ಇದೇ. ಎದೆ ತುಂಬಿ ಬಂದು ಅವಳು ಖಾಲಿ ಕೋಣೆಯಲ್ಲಿ “ಅಪ್ಪಾ” ಎಂದುಬಿಟ್ಟಳು. ಓಡಿಹೋಗಿ ಸಾರ್ ಅವರನ್ನು ಕರೆತಂದಳು.

ಅವರು ಬೀಕರನ್ನು ಬೆಳಕಿಗೆ ಹಿಡಿದು ನೋಡಿದರು. “ಏನು ಹಾಕಿದ್ರಿ ಇದಕ್ಕೆ?”

“ಏನೂ ಇಲ್ಲ ಸಾರ್. ಬೇರು, ತೊಗಟೆಯ ಪುಡಿ.”

“ಎಷ್ಟು ಪುಡಿ?”

“ಇಷ್ಟೇ. ಒಂದು ಹಿಡಿಯೂ ಇಲ್ಲ.”

ಅವರು ಬೀಕರನ್ನು ಮೆಲ್ಲಗೆ ಅಲುಗಿಸಿ ನೋಡಿದರು. “ತೊಗಟೆಯಲ್ಲಿ ಆಮ್ಲ ಇರ್ತದೆ, ಇಲ್ಲ ಅನ್ನಲ್ಲ. ಉಗುರಿಗೆ ಹತ್ತುವಷ್ಟು. ಇಷ್ಟೊಂದು ಬರಲ್ಲ. ಇಷ್ಟು ಶುಭ್ರವಾಗಿಯಂತೂ ಬರಲ್ಲ.” ಬೀಕರನ್ನು ಮೆಲ್ಲಗೆ ಕೆಳಗಿಟ್ಟರು. “ಇದು ಬೆಳೆದದ್ದಲ್ಲಮ್ಮ. ಬೆರೆಸಿದ್ದು.”

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ಕೈ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು. ಬಿಳಿಯದನ್ನು ಸೋಸಿ, ತೊಳೆದು, ಒಣಗಿಸಿ, ಹರಳು ಮಾಡಿದಳು. ಕಪಾಟಿನಲ್ಲಿ ಹೋಲಿಸಿ ನೋಡಲೆಂದೇ ಶುದ್ಧ ಔಷಧಗಳ ಶೀಶೆಗಳನ್ನು ಇಟ್ಟಿರುತ್ತಾರೆ. ಕಲಬೆರಕೆಯ ಪುಡಿಗಳಲ್ಲಿ ಪದೇ ಪದೇ ಸಿಕ್ಕಿಬೀಳುವ ನೋವಿನ ಔಷಧ ಯಾವುದೆಂದು ಅವಳಿಗೆ ಗೊತ್ತಿತ್ತು. ಅದರ ಶೀಶೆಯನ್ನೇ ತೆಗೆದಳು. ಕೂದಲಿನಷ್ಟು ಸಣ್ಣ ಗಾಜಿನ ಮೂರು ನಳಿಗೆಗಳ ಪೈಕಿ ಒಂದರಲ್ಲಿ ತನ್ನ ಹರಳು, ಒಂದರಲ್ಲಿ ಶೀಶೆಯದು, ಇನ್ನೊಂದರಲ್ಲಿ ಎರಡನ್ನೂ ಬೆರೆಸಿ ತುಂಬಿ, ಎಣ್ಣೆಯಲ್ಲಿಟ್ಟು ಕಾಯಿಸಿದಳು. ಬೇರೆ ಬೇರೆ ವಸ್ತುಗಳಾದರೆ ಬೆರೆಸಿದ್ದು ಮೊದಲೇ ಕರಗಿ ಗುಟ್ಟು ಬಿಟ್ಟುಕೊಡುತ್ತದೆ. ಒಂದೇ ಆದರೆ ಎಲ್ಲವೂ ಒಟ್ಟಿಗೆ ಕರಗುತ್ತವೆ.

ಬೇರೆಯಾಗಲಿ, ಬೇರೆಯಾಗಲಿ ಎಂದು ಅವಳು ಕೈಮುಗಿಯದೆ ಪ್ರಾರ್ಥಿಸುತ್ತಿದ್ದಳು. ದೇವರನ್ನು ಇಷ್ಟು ಸಣ್ಣ ವಿಷಯಕ್ಕೆ ಅವಳು ಎಂದೂ ಕರೆದಿರಲಿಲ್ಲ.

ಮೂರೂ ಒಟ್ಟಿಗೆ ಕರಗಿದವು.

“ಅದೇ,” ಎಂದರು ಸಾರ್. ಅವರಿಗೆ ಸಿಟ್ಟು ಬಂದಿತ್ತು. “ಯಾವ ಕಂಪನಿ ಪುಡಿ ಇದು? ಬೇರು ನಾರು ಅಂತ ಹೆಸರು ಬರೆದು ಮಾತ್ರೆ ಅರೆದು ಹಾಕ್ತಾರೆ. ಮುದುಕರು ನಂಬಿ ತಿಂತಾರೆ, ಕಿಡ್ನಿ ಕಳಕೊಳ್ತಾರೆ. ಕೊಲೆಗಡುಕರು! ಹಿಡಿದು ಒಳಗೆ ಹಾಕಿಸಬೇಕು. ಯಾರು ಮಾಡಿದ್ದು?”

“ಮನೆಯದು ಸಾರ್,” ಎಂದಳು.

ಅವರು ತೆರೆದ ಬಾಯಿ ಮುಚ್ಚಿಕೊಂಡರು. ಅವಳ ತಾಯಿ ಕಿಡ್ನಿ ಕೈಕೊಟ್ಟು ಹೋದರೆಂದು ಅವರಿಗೆ ಗೊತ್ತಿತ್ತು; ನೋಡಲು ಆಸ್ಪತ್ರೆಗೂ ಬಂದಿದ್ದರು. ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಕೊನೆಗೆ “ಉಳಿದದ್ದು ಚೆಲ್ಬೇಡಿ” ಎಂದಷ್ಟೇ ಹೇಳಿ ಹೊರಗೆ ಹೋದರು.

ಆಸ್ಪತ್ರೆಯ ಆ ಮಧ್ಯಾಹ್ನ ಈಗ ಅವಳೆದುರು ಬಂದು ನಿಂತಿತು. ಊದಿದ ಪಾದಗಳ ಅಮ್ಮ, ಕಣ್ಣು ಮುಚ್ಚಿದ್ದರೂ ಎಚ್ಚರವಿದ್ದವಳು. ಡಾಕ್ಟರು ಕೇಳಿದ್ದರು: “ನೋವಿನ ಮಾತ್ರೆ ಏನಾದ್ರೂ ತಗೋತಿದ್ರಾ?” ಉತ್ತರ ಕೊಟ್ಟವಳು ತಂಗಿಯೇ. ಅದೂ ಹೆಮ್ಮೆಯಿಂದ. “ನಮ್ಮಮ್ಮ ಒಂದು ಮಾತ್ರೆ ನುಂಗಿದವಳಲ್ಲ ಡಾಕ್ಟ್ರೇ.” ಅಮ್ಮನ ತುಟಿಯಲ್ಲಿ ಸಣ್ಣ ನಗು ಬಂದಿತ್ತು. ಮಂಚದ ಆಚೆ ಬದಿಯಲ್ಲಿ ಅಕ್ಕ ನಿಂತಿದ್ದಳು. ಅಮ್ಮನ ಹೊದಿಕೆಯನ್ನು ಸರಿ ಮಾಡುತ್ತಿದ್ದಳು.

ಆಲಿಕೆಯಲ್ಲಿ ಈಥರು ಇನ್ನೂ ಉಳಿದಿತ್ತು. ಅವಳು ಅದನ್ನು ತಟ್ಟೆಗೆ ಬಗ್ಗಿಸಿ ಆರಲು ಬಿಟ್ಟಳು. ಈಥರು ಹಾರಿಹೋಗಿ ತಳದಲ್ಲಿ ಕಂದು ಅಂಟು ನಿಂತಿತು. ಮೂಗಿಗೆ ಹಿಡಿದಳು. ಅಪ್ಪನ ಕೆಲಸದ ಕೋಣೆ. ಒಣಗುತ್ತಿರುವ ತೊಗಟೆ, ಅವರ ಅಂಗಿಯ ತೋಳು. ಬೇರಿನದ್ದೆಲ್ಲ ಇಲ್ಲಿತ್ತು. ಆಮ್ಲ ಕರೆದರೂ ಬಾರದೆ, ಕ್ಷಾರ ಕರೆದರೂ ಬಾರದೆ, ಯಾರ ನೋವಿಗೂ ಏನನ್ನೂ ಮಾಡದೆ ಹಾಗೇ ಇತ್ತು. ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು.

ಸಂಜೆ ಅವಳು ಮೊದಲು ಹೊಲಿಗೆಯಮ್ಮನ ಮನೆಗೆ ಹೋಗಿ, ಅಲ್ಲಿಂದ ಔಷಧದ ಅಂಗಡಿಗೆ ನಡೆದಳು. ದಾರಿಯುದ್ದಕ್ಕೂ ಅಂಗಡಿಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಚಿಕ್ಕವಳಿದ್ದಾಗ ಇದೇ ರಸ್ತೆಯಲ್ಲಿ ಅಕ್ಕ ಅವಳನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದಳು. ಅಕ್ಕನೂ ಆಗ ದೊಡ್ಡವಳೇನಲ್ಲ. ಹೊತ್ತಿದ್ದರಿಂದ ಒಂದು ಕಡೆಗೆ ವಾಲಿದ ಅವಳ ನಡಿಗೆ ಇವತ್ತಿಗೂ ನೆಟ್ಟಗಾಗಿರಲಿಲ್ಲ.

ಅಂಗಡಿಯಲ್ಲಿ ಗಾಜಿನ ಕೌಂಟರು, ಅದರ ಹಿಂದೆ ಚಾವಣಿ ಮುಟ್ಟುವ ಖಾನೆಗಳು. ಸುಣ್ಣದ ಕಲೆಯ ಅಂಗಿ ತೊಟ್ಟ ಗಾರೆಯವನೊಬ್ಬ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದ. ಅಕ್ಕ ತಿರುಗದೆಯೇ ಕೈಚಾಚಿ ಖಾನೆಯಿಂದ ಒಂದು ಪಟ್ಟಿ ಮಾತ್ರೆ ತೆಗೆದಳು.

“ಊಟ ಆದ ಮೇಲೆ ತಗೊಳ್ಳಿ. ಬರಿ ಹೊಟ್ಟೆಯಲ್ಲಿ ಬೇಡ. ನೋವು ಹೋಗಲಿಲ್ಲ ಅಂತ ಮೇಲೆ ಮೇಲೆ ನುಂಗಬೇಡಿ, ಕಿಡ್ನಿ...” ಅಷ್ಟರಲ್ಲಿ ತಂಗಿಯನ್ನು ಕಂಡಳು.

“ಕಿಡ್ನಿಗೆ ಏನಕ್ಕಾ?” ಎಂದ ಗಾರೆಯವನು.

“ಏನಿಲ್ಲ. ಜಾಸ್ತಿ ತಗೋಬೇಡಿ.”

“ನಿಮ್ಮ ಅಂಗಡಿ ಮಾಲನ್ನ ನೀವೇ ಬೇಡ ಅಂತೀರಲ್ಲ! ಯಜಮಾನರು ಕೇಳಿಸ್ಕೊಂಡ್ರೆ ನಿಮ್ಮ ಸೊಂಟಕ್ಕೂ ಮಾತ್ರೆ ಬೇಕಾಗ್ತದೆ.” ನಗುತ್ತ, ಸೊಂಟ ಹಿಡಿದುಕೊಂಡೇ ಅವನು ಹೊರಟುಹೋದ.

ಯಜಮಾನರಿಗೆ ಹೇಳಿ ಅಕ್ಕ ಒಳಗಿನ ಉಗ್ರಾಣಕ್ಕೆ ನಡೆದಳು. ರಟ್ಟಿನ ಪೆಟ್ಟಿಗೆಗಳ ನಡುವೆ ಇಬ್ಬರು ನಿಲ್ಲುವಷ್ಟೇ ಜಾಗ.

“ಸಿಕ್ತಾ?” ಎಂದಳು ಅಕ್ಕ.

“ಸಿಕ್ತು.”

ಅಕ್ಕ ಒಂದು ಪೆಟ್ಟಿಗೆಯ ಮೇಲೆ ಕೂತಳು.

“ಅಪ್ಪ ಮಾಡ್ತಿದ್ದ ಹಾಗೇ ಮಾಡಿದ್ದೆ,” ಎಂದಳು ಅಕ್ಕ. “ಅದೇ ಬೇರು, ಅದೇ ತೊಗಟೆ. ಅಳತೆಯೂ ತಪ್ಪಿಲ್ಲ. ಅಮ್ಮನ ನೋವು ಜಗ್ಗಲಿಲ್ಲ. ರಾತ್ರಿಯೆಲ್ಲ ನರಳೋಳು. ಒಂದು ದಿನ ಹೇಳಿದ್ಲು, ‘ನಿನ್ನ ಕೈಯಲ್ಲಿ ಅದು ಬರಲಿಲ್ಲ ಬಿಡು, ಅವರ ಜೊತೆಗೇ ಹೋಯ್ತು ಆ ಗುಣ.’ ಬೈದು ಹೇಳಿದ್ರೆ ತಡ್ಕೊಳ್ತಿದ್ದೆ. ಮುಖ ಗೋಡೆ ಕಡೆ ತಿರುಗಿಸಿ ಮೆಲ್ಲಗೆ ಹೇಳಿದ್ಲು.”

“ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಬೇಡ ಅಂತಿದ್ದೆ. ನಾನು ಅಳತೆ ಹಾಕಿಯೇ ಅರೆದೆ. ಒಂದು ಚಮಚಕ್ಕೆ ಒಂದು ಮಾತ್ರೆ, ಅಷ್ಟೇ. ಇಲ್ಲಿ ಎಷ್ಟು ಮುದುಕರು ದಿನಾ ಒಯ್ತಾರೆ ಗೊತ್ತಾ? ಒಂದರಿಂದ ಏನೂ ಆಗಲ್ಲ ಅಂತ ಗೊತ್ತಿತ್ತು ನನಗೆ. ಮಾರನೇ ದಿನ ಬೆಳಿಗ್ಗೆ ಊರುಗೋಲಿಲ್ಲದೆ ಅಡುಗೆಮನೆಗೆ ಬಂದ್ಲು. ನನ್ನ ಎರಡೂ ಕೈ ಹಿಡ್ಕೊಂಡು ಕಣ್ಣಿಗೆ ಒತ್ಕೊಂಡ್ಲು. ‘ಈಗ ಬಂತು ನೋಡೇ ನಿಮ್ಮಪ್ಪನ ಕೈಗುಣ’ ಅಂದ್ಲು.” ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. “ಆಮೇಲೆ ಹೇಗೆ ನಿಲ್ಲಿಸಲಿ, ಹೇಳು.”

ಹೊರಗೆ ಯಾರೋ ಕೆಮ್ಮಿನ ಔಷಧ ಕೇಳುತ್ತಿದ್ದರು. ಯಜಮಾನರು ಖಾನೆ ಎಳೆದ ಸದ್ದು.

“ಮಾತ್ರೆ ಅಂತ ಗೊತ್ತಿದ್ರೆ ಅಮ್ಮ ಒಂದು ಚೂರು ಹೆಚ್ಚು ತಿಂತಿರಲಿಲ್ಲ,” ಎಂದಳು ತಂಗಿ. “ಬೇರು ಅಂತ ತಿಂದ್ಲು. ಅಪ್ಪ ಅಂತ ತಿಂದ್ಲು.”

“ಗೊತ್ತು.”

“ಡಾಕ್ಟರು ಕೇಳಿದಾಗ ನೀನು ಅಲ್ಲೇ ಇದ್ದೆ.”

“ಅಮ್ಮನೂ ಅಲ್ಲೇ ಇದ್ಲು.” ಅಕ್ಕ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡಳು. “ಕೇಳಿಸ್ಕೊಳ್ತಾ ಇದ್ಲು. ಅವಳ ಎದುರಿಗೆ ಹೇಗೆ ಹೇಳಲಿ, ಅಮ್ಮ, ಅದು ಅಪ್ಪನದಲ್ಲ, ಅಂಗಡಿಯದ್ದು ಅಂತ? ಆಚೆ ಹೋಗಿ ಹೇಳೋಣ ಅಂದ್ಕೊಂಡೆ. ಕಾರಿಡಾರಿನ ತನಕ ಹೋದೆ ಕೂಡ. ಒಂದು ಚಮಚದ್ದು ಏನು ಮಹಾ, ಸುಮ್ಮನೆ ಅವಳ ನಂಬಿಕೆ ಕೆಡಿಸೋದು ಯಾಕೆ ಅಂತ ವಾಪಸ್ ಬಂದೆ. ಒಂದು ಚಮಚ ಅಂತಲೇ ನನ್ನ ಲೆಕ್ಕ. ಅವತ್ತು ಹೊಲಿಗೆಯಮ್ಮ ಬಂದು ಹೇಳೋ ತನಕ ಒಂದು ಚಮಚ ಅಂತಲೇ.”

“ಅವರಿಗೆ ಹೇಳಿ ಬಂದೆ,” ಎಂದಳು ತಂಗಿ. “ಅದರಲ್ಲಿ ಏನಿತ್ತು ಅಂತ. ನಾಳೆ ರಕ್ತ ಪರೀಕ್ಷೆಗೆ ನಾನೇ ಕರ್ಕೊಂಡು ಹೋಗ್ತೀನಿ.”

ಅಕ್ಕ ತಲೆಯೆತ್ತಿದಳು. “ಏನಂದ್ರು?”

“ಮೊದಲು ನಂಬಲಿಲ್ಲ. ಆಮೇಲೆ ಯಂತ್ರದ ಮೇಲೆ ತಲೆಯಿಟ್ಟು ಕೂತ್ರು. ‘ಪಾಪ, ಆ ಹುಡುಗಿ’ ಅಂದ್ರು. ನಿನ್ನನ್ನೇ ಅಂದದ್ದು.”

ಅಕ್ಕ ಆಗ ಅತ್ತಳು. ಅಮ್ಮನನ್ನು ಕಳಿಸಿಕೊಟ್ಟ ದಿನವೂ ಹೀಗೆ ಅತ್ತಿರಲಿಲ್ಲ. ಬಾಯಿಗೆ ಮುಂಗೈ ಅಡ್ಡ ಹಿಡಿದು, ಹೊರಗೆ ಕೇಳಿಸಬಾರದೆಂದು ಉಸಿರು ಕಟ್ಟಿ ಅತ್ತಳು. ತಂಗಿ ಅವಳ ಪಕ್ಕ ಅದೇ ಪೆಟ್ಟಿಗೆಯ ಮೇಲೆ ಜಾಗ ಮಾಡಿಕೊಂಡು ಕೂತು, ಇನ್ನೊಂದು ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಒರಟು ಕೈ. ಹೆಬ್ಬೆರಳಿನ ಬುಡದಲ್ಲಿ ಕುಟ್ಟಾಣಿ ಹಿಡಿದು ಬಂದ ಗಂಟು.

“ಡಬ್ಬಿ ಕೊಡಬಾರದು ಅಂದ್ಕೊಂಡಿದ್ದೆ ಕಣೇ,” ಎಂದಳು ಅಕ್ಕ ಮುಖ ಒರೆಸಿಕೊಂಡು. “ಮೋರಿಗೆ ಸುರಿದುಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೂ ಕೊಟ್ಟೆ. ಯಾಕೆ ಗೊತ್ತಾ? ನೀನು ನೋಡಿ, ಅಳೆದು, ಇದರಿಂದ ಏನೂ ಆಗಿರಲ್ಲ ಅಂತ ಹೇಳ್ತೀಯ ಅಂತ. ಡಾಕ್ಟರೂ ವಯಸ್ಸಾಯ್ತು ಅಂದ್ರಲ್ಲ. ಅಮ್ಮನಿಗೆ ವಯಸ್ಸೂ ಆಗಿತ್ತಲ್ಲ.”

“ಆಗಿತ್ತು.”

“ಕಾಲು ಮೊದಲೂ ಒಮ್ಮೆ ಊದಿತ್ತು, ನೆನಪಿದೆಯಾ? ಅಪ್ಪ ಇದ್ದಾಗಲೇ.”

“ನೆನಪಿದೆ.”

“ಹಾಗಾದ್ರೆ?”

“ಅದರಿಂದಲೇ ಹೋದ್ಲು ಅಂತ ನಾನು ಹೇಳ್ತಾ ಇಲ್ಲ ಅಕ್ಕ. ಯಾರೂ ಹೇಳೋಕಾಗಲ್ಲ.”

ಅಕ್ಕ ಥಟ್ಟನೆ ತಿರುಗಿ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೆಂಪಾದ ಕಣ್ಣುಗಳು ತಂಗಿಯ ಮುಖದಲ್ಲಿ ಏನನ್ನೋ ಹುಡುಕಿದವು.

“ಹಾಗಾದ್ರೆ ಅದರಿಂದ ಅಲ್ಲ ಅಂತ ಹೇಳು. ಒಂದೇ ಒಂದು ಸಲ. ಸುಳ್ಳಾದ್ರೂ ಪರವಾಗಿಲ್ಲ, ನೀನು ಹೇಳಿದ್ರೆ ನಾನು ನಂಬ್ತೀನಿ. ಮತ್ತೆ ಯಾವತ್ತೂ ಕೇಳಲ್ಲ. ಹೇಳೇ, ನನ್ನ ಬಂಗಾರ. ಅದರಿಂದ ಅಲ್ಲ ಅಂತ ಹೇಳು.”

ತಂಗಿ ಆ ಕೈಗಳನ್ನು ಬಿಡಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

“ಹೇಳಲ್ಲ,” ಎಂದಳು.